ಡೆಸಿಬೆಲ್ ಭಾವ

ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಬೀದಿಗೊಬ್ಬರು ಹೋಮಿಯೋಪತಿ ಮಾವ ಇರುತ್ತಿದ್ದರು. ರಿಟೈರಾದ ಮಾರನೆಯ ದಿನವೇ ಸಕ್ಕರೆ ಗುಳಿಗೆಯ ಡಬ್ಬಿ ಬಿಚ್ಚಿ, ಕೆಮ್ಮಿದವರನ್ನೆಲ್ಲ ಹಿಡಿದು ಕೂರಿಸಿಕೊಂಡು "ಬಾಯಾರಿಕೆ ಹೆಂಗಿದೆ?" ಎಂದು ವಿಚಾರಿಸುತ್ತಿದ್ದರು. ಆ ಸಂತತಿ ತೀರಿಹೋಯಿತು ಅಂದುಕೊಂಡಿದ್ದೆ. ಇಲ್ಲ, ವೇಷ ಬದಲಿಸಿಕೊಂಡಿದೆ. ಈಗಿನವರ ಕೈಯಲ್ಲಿ ಗುಳಿಗೆಯ ಬದಲು ಹಸಿರು ಬಣ್ಣದ ಸರ್ಕ್ಯೂಟ್ ಬೋರ್ಡ್ ಇದೆ. ವಾಸಿಮಾಡುವುದು ಹಾಡನ್ನು. ಹಾಡಿಗೆ ಕಾಯಿಲೆ ಇದ್ದದ್ದು ಅಲ್ಲಿಯತನಕ ನಮಗ್ಯಾರಿಗೂ ಗೊತ್ತಿರಲಿಲ್ಲ.

ಜಯನಗರದ ನಮ್ಮ ಭಾವ ಈ ಪಂಥದ ಹಿರಿಯರು. ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ 35 ವರ್ಷ ಮೈಕ್ರೋಮೀಟರ್ ಹಿಡಿದವರು. ರಿಟೈರಾದ ಮೇಲೆ ಅಳೆಯಲು ಏನೂ ಸಿಗದೆ ಒಂದು ವಾರ ಅಕ್ಕನ ಚಪಾತಿಯ ದಪ್ಪ ಅಳೆದರಂತೆ. ಆ ಪ್ರಯೋಗ ಅಲ್ಲಿಗೇ ನಿಂತಿತು. ಯಾಕೆ ನಿಂತಿತೆಂದು ನಾವು ಕೇಳಿಲ್ಲ. ಆಮೇಲೆ ಶನಿವಾರ ಶನಿವಾರ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿಬರತೊಡಗಿದರು. ಬೇರೆಯವರು ಶನಿಮಹಾತ್ಮನ ಗುಡಿಗೆ ಹೋಗುವಷ್ಟೇ ನಿಷ್ಠೆಯಿಂದ.

ಅವರ ಹಾಲ್‌ನಲ್ಲಿ ಎರಡು ಸ್ಪೀಕರ್‌ಗಳು ದ್ವಾರಪಾಲಕರ ಹಾಗೆ ನಿಂತಿವೆ. ಹಾಡುಗಳ ಹಾರ್ಡ್‌ಡಿಸ್ಕ್ ಇರುವುದು ಮಲಗುವ ಕೋಣೆಯ ಬೀರುವಿನ ತಲೆಯ ಮೇಲೆ, ಹಳೆಯ ಸೂಟ್‌ಕೇಸಿನ ಪಕ್ಕ. ಅಲ್ಲಿಂದ ಹಾಡುಗಳು ವೈಫೈ ಹತ್ತಿ ಹಾಲ್‌ಗೆ ಬಂದಿಳಿಯುತ್ತವೆ. ಇಳಿಸಿಕೊಳ್ಳುವುದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಅದರ ವಾಸ ಜಾಮೂನು ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಪಾಪ ಸೆಕೆಯಾಗಬಾರದೆಂದು ಭಾವ ದಬ್ಬಳ ಕಾಯಿಸಿ ತೂತು ಕೊರೆದಿದ್ದಾರೆ. ಹದಿನೈದು ಅಡಿ ದೂರದ ಬೀರುವಿನಿಂದ ಹಾಡು ಬಂದು ಸೇರುವುದಕ್ಕೆ ಕೆಲವೊಮ್ಮೆ ಮೈಸೂರಿನ ಬಸ್ಸು ಬರುವಷ್ಟು ಹೊತ್ತಾಗುತ್ತದೆ.

"ಕೂತ್ಕೊಳ್ಳಯ್ಯ. ಅಲ್ಲಲ್ಲ, ಇಲ್ಲಿ. ತಲೆ ಗೋಡೆಗೆ ಒರಗಿಸ್ಬೇಡ." ಭಾನುವಾರ ತಿಂಡಿಗೆಂದು ಹೋದವನಿಗೆ ಸಿಗುವ ಸ್ವಾಗತ ಇದು. ತಿಂಡಿಗೆ ಮುಂಚೆ ಪಾಠ. ಕಛೇರಿಯೊಂದರ ತನಿ ಆವರ್ತನ ಹಾಕುತ್ತಾರೆ. ಮೃದಂಗ ಎದೆಗೆ ಬಡಿಯುವಂತೆ ಕೇಳುತ್ತದೆ. ಅಷ್ಟರಲ್ಲಿ ಫೋನಿನ ಮೇಲೆ ಬೆರಳಾಡಿಸಿ ಸದ್ದು ತಗ್ಗಿಸುತ್ತಾರೆ. "ಎಡಗಡೆ ಎಲ್ಲಿ ಹೋಯ್ತು ಹೇಳು?" ನಿಜ. ರವೆ ಮೆತ್ತಿದ ಆ ಎಡಗಡೆಯ ಗುಂಕಾರ ಮಾಯವಾಗಿ, ಬಲಗಡೆಯ ಟಕಟಕ ಮಾತ್ರ ಉಳಿದಿದೆ. "ವಿದ್ವಾಂಸರು ಬಾರಿಸ್ತಾನೇ ಇದಾರೆ. ನಿನ್ನ ಕಿವೀನೇ ತಗೊಳ್ತಿಲ್ಲ!" ಎಂದು, ತಪ್ಪು ನನ್ನದೇ ಎಂಬಂತೆ ನೋಡುತ್ತಾರೆ.

ಆಮೇಲೆ 1933. ಅಮೆರಿಕದ ಬೆಲ್ ಲ್ಯಾಬ್‌ನ ಫ್ಲೆಚರ್ ಮತ್ತು ಮನ್ಸನ್ ಭಾವನ ಬಾಯಲ್ಲಿ ಚಾಮರಾಜಪೇಟೆಯ ದಾಯಾದಿಗಳಂತೆ ಓಡಾಡುತ್ತಾರೆ. ಮನುಷ್ಯನ ಕಿವಿ ಎಲ್ಲ ಸ್ವರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲವೆಂದು ಅವರಿಬ್ಬರು ಗೆರೆ ಎಳೆದು ತೋರಿಸಿದರು. 1000 ಹರ್ಟ್ಸಿನ ಸ್ವರ 40 ಡೆಸಿಬೆಲ್‌ನಲ್ಲಿ ಎಷ್ಟು ಜೋರೆನಿಸುತ್ತದೋ, 100 ಹರ್ಟ್ಸಿನ ತಗ್ಗುಸ್ವರ ಅಷ್ಟೇ ಜೋರೆನಿಸಬೇಕಾದರೆ ಅದಕ್ಕೆ 60ಕ್ಕೂ ಮೇಲೆ ಕೊಡಬೇಕು. ಸದ್ದು ಹೆಚ್ಚಿದಂತೆ ಈ ಪಕ್ಷಪಾತ ಕಡಿಮೆಯಾಗುತ್ತದೆ, ತಗ್ಗಿದಂತೆ ಜಾಸ್ತಿಯಾಗುತ್ತದೆ. ಹಾಗಾಗಿ ಹಗಲಲ್ಲಿ ದೊಡ್ಡದಾಗಿ ಕೇಳಿದಾಗ ತುಂಬಿಕೊಂಡಿದ್ದ ಹಾಡು ರಾತ್ರಿ ಸಣ್ಣಗೆ ಹಾಕಿದಾಗ ನೀರು ಬೆರೆಸಿದ ಸಾರಿನಂತಾಗುತ್ತದೆ. ಸದ್ದು ತಗ್ಗಿಸಿದಷ್ಟೂ ಕೆಳಗಿನ ಸ್ವರಗಳಿಗೆ ಲೆಕ್ಕ ಹಾಕಿ ಮೇಲಿಂದ ಒಂದಿಷ್ಟು ಸುರಿಯಬೇಕು. ಇದೇ ಲೌಡ್‌ನೆಸ್ ಕಾಂಪೆನ್ಸೇಷನ್. ಭಾವ ಇದನ್ನು "ಪರಿಹಾರ" ಎನ್ನುತ್ತಾರೆ; ಸ್ವಾಧೀನವಾದ ಜಮೀನಿಗೆ ಕೊಡುತ್ತಾರಲ್ಲ, ಆ ಧ್ವನಿಯಲ್ಲಿ.

ಹಳಬರಿಗೆ ಇದು ಹೊಸದೇನೂ ಅಲ್ಲ. ಹಳೆಯ ಆಂಪ್ಲಿಫೈಯರುಗಳ ಮುಖದ ಮೇಲೆ ಲೌಡ್‌ನೆಸ್ ಎಂಬ ಗುಂಡಿ ಇರುತ್ತಿತ್ತು. ಸಣ್ಣ ಸದ್ದಿಗೆ ಮಾತ್ರ ಒತ್ತಬೇಕಾದ ಗುಂಡಿ ಅದು. ನಮ್ಮಲ್ಲಿ ಅದನ್ನು ಅಂಗಡಿಯವನು ಒಮ್ಮೆ ಒತ್ತಿಕೊಟ್ಟರೆ, ಸೆಟ್ಟು ಗುಜರಿಗೆ ಹೋಗುವತನಕ ಒತ್ತಿಕೊಂಡೇ ಇರುತ್ತಿತ್ತು. ಕಾಸು ಕೊಟ್ಟ ಮೇಲೆ ಗುಂಡಿ ಯಾಕೆ ಬಿಡಬೇಕು?

ಭಾವನ ಡಬ್ಬಿ ಅಂಥ ಒರಟಲ್ಲ. ಎಷ್ಟು ತಗ್ಗಿಸಿದರೆ ಎಷ್ಟು ಸುರಿಯಬೇಕೆಂದು ಅದೇ ಲೆಕ್ಕ ಹಾಕುತ್ತದೆ. ಎಡವಟ್ಟು ಇರುವುದು ಬೇರೆ ಕಡೆ. ಈ ಏರ್ಪಾಡಿನಲ್ಲಿ ವಾಲ್ಯೂಮ್ ನಾಲ್ಕು ಕಡೆ ಇದೆ: ಫೋನಿನ ಆ್ಯಪ್‌ನಲ್ಲಿ, ಡಬ್ಬಿಯೊಳಗೆ, ಡಿಜಿಟಲ್ ಅಂಕಿಯನ್ನು ಸದ್ದಿನ ಅಲೆಯಾಗಿಸುವ ಡ್ಯಾಕ್‌ನಲ್ಲಿ, ಕೊನೆಗೆ ಆಂಪ್ಲಿಫೈಯರಿನ ಮೂತಿಯ ಮೇಲೆ. ತಾಲ್ಲೂಕು ಕಚೇರಿಯ ಕಡತದಂತೆ ಹಾಡು ನಾಲ್ಕು ಮೇಜು ದಾಟಬೇಕು, ಪ್ರತಿ ಮೇಜಿನವನೂ ತನಗೆ ತೋಚಿದಷ್ಟು ಕತ್ತರಿಸಬಹುದು. ಡಿಜಿಟಲ್ಲಾಗಿ ಕತ್ತರಿಸಿದರೆ 6 ಡೆಸಿಬೆಲ್ಲಿಗೆ ಒಂದು ಬಿಟ್ಟಿನಂತೆ ಹೋಗುತ್ತದೆ, ಸಿ.ಡಿ.ಯ ಹಾಡಿಗೆ ಇರುವುದೇ 16. "ಬಿಟ್ ಬಿಟ್ಟುಹೋಗ್ಬಿಡುತ್ತೆ ಕಣಯ್ಯ!" ಎಂದು ಭಾವ ನಿದ್ದೆಗೆಟ್ಟದ್ದುಂಟು. ಈಗಿನ ಡಬ್ಬಿಗಳು ಒಳಗೆ 24 ಅಥವಾ 32 ಬಿಟ್ಟಿನಲ್ಲಿ ಲೆಕ್ಕ ಮಾಡುವುದರಿಂದ ಹೆದರಬೇಕಿಲ್ಲವೆಂದು ಅವರಿಗೇ ಗೊತ್ತು. ಆದರೂ ಗ್ಯಾಸ್ ಆಫ್ ಮಾಡಿದ್ದೇವೋ ಇಲ್ಲವೋ ಅಂತ ಬೀದಿ ತುದಿಯಿಂದ ವಾಪಸ್ ಬರುವ ಜಾತಿ ಅವರದು.

ನಿಜವಾದ ಶತ್ರು ನಾಲ್ಕನೆಯ ಮೇಜು, ಆಂಪ್ಲಿಫೈಯರಿನ ನಾಬ್. ಪರಿಹಾರದ ಲೆಕ್ಕ ನಡೆಯುವುದು ಡಬ್ಬಿಯಲ್ಲಿ. ಅಳತೆ ಮಾಡಿದ ದಿನ ನಾಬ್ ಎಲ್ಲಿತ್ತೋ ಇವತ್ತೂ ಅಲ್ಲೇ ಇದೆಯೆಂದು ನಂಬಿ ಅದು ಲೆಕ್ಕ ಹಾಕುತ್ತದೆ. ನಾಬನ್ನು ಯಾರಾದರೂ ತಿರುಗಿಸಿದರೆ ಅದಕ್ಕೆ ತಿಳಿಯುವುದಿಲ್ಲ. ಕೊಡಬೇಕಾದಲ್ಲಿ ಕೊಡದೆ, ಬೇಡದಲ್ಲಿ ಸುರಿಯುತ್ತದೆ. ಅದಕ್ಕೇ ಭಾವ ಶಾಸನ ಹೊರಡಿಸಿದರು: ನಾಬ್ ಗಡಿಯಾರದ ಹನ್ನೊಂದು ಗಂಟೆಯಲ್ಲಿ ನಿಂತಿರತಕ್ಕದ್ದು, ಯಾರೂ ಮುಟ್ಟತಕ್ಕದ್ದಲ್ಲ.

ಅಕ್ಕ ಮುಟ್ಟುವುದಿಲ್ಲ. ಬರೀ ಒರೆಸುತ್ತಾಳೆ. ದಿನಾ ಬೆಳಿಗ್ಗೆ, ಒದ್ದೆ ಬಟ್ಟೆಯಲ್ಲಿ, ದೇವರ ಮುಂದಿನ ಹಲಗೆ ಒರೆಸಿದ ಕೈಯಲ್ಲೇ. ಬಟ್ಟೆಯ ಜೊತೆ ನಾಬೂ ಚೂರು ತಿರುಗುತ್ತದೆ, ಒಂದು ದಿನ ಹತ್ತೂವರೆಗೆ, ಒಂದು ದಿನ ಹನ್ನೆರಡಕ್ಕೆ. "ಏನ್ರೀ, ಧೂಳು ಕೂತ್ರೆ ಮೊದಲು ಮುಖ ಸಿಂಡರಿಸೋರೂ ನೀವೇ." ಭಾವ ಸೆಲೋಟೇಪ್ ಅಂಟಿಸಿದರು, ಅಂಟು ಜಿಡ್ಡೆಂದು ಅವಳು ಕಿತ್ತಳು. ಬಿಳಿ ಪೆನ್ನಿನಲ್ಲಿ ಗುರುತು ಹಾಕಿದರು. ಸುಣ್ಣವೆಂದು ಉಜ್ಜಿ ತೆಗೆದಳು. ಹಾಗಾಗಿ ದಿನಾ ಸಂಜೆ ಭಾವ ಹೊಸದಾಗಿ ಅಳೆಯಬೇಕು.

ಅಳೆಯುವುದಕ್ಕೆ ಸ್ಪೀಕರಿನಲ್ಲಿ ಪಿಂಕ್ ನಾಯ್ಸ್ ಎಂಬ ಸದ್ದು ಬಿಡುತ್ತಾರೆ. ಕೇಳದವರಿಗೆ ಹೇಳುತ್ತೇನೆ, ಅದು ನೀರು ಸುರಿದಂತೆಯೇ ಇರುತ್ತದೆ. ಮೊದಲ ದಿನ ಐದೇ ನಿಮಿಷಕ್ಕೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೂಗಿದರು: "ಸಾರ್, ಟ್ಯಾಂಕ್ ತುಂಬಿ ಹರೀತಿದೆ, ಮೋಟರ್ ಆಫ್ ಮಾಡಿ!" ಎರಡನೆಯ ದಿನ ಮಾಳಿಗೆಯ ಬಾಡಿಗೆಯವರು ಖಾಲಿ ಬಿಂದಿಗೆ ಹಿಡಿದು ಇಳಿದು ಬಂದರು. ಭಾವ ಯಾವುದಕ್ಕೂ ಜಗ್ಗದೆ, ಮೈಕನ್ನು ಆರತಿಯಂತೆ ಹಿಡಿದು, ಮೂಲೆ ಮೂಲೆಗೆ ಹೋಗಿ ಅಂಕಿ ಬರೆದುಕೊಂಡರು. ಮೈಕ್ ಕೈಯಲ್ಲಿದ್ದ ಉತ್ಸಾಹಕ್ಕೆ ಅಡುಗೆಮನೆಗೂ ನುಗ್ಗಿದರು. ಮಿಕ್ಸಿ 80 ದಾಟಿತು. "ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರ ಮೇಲೆ 45. 2000ನೇ ಇಸವಿಯ ರೂಲ್ಸಲ್ಲಿದೆ ನೋಡು" ಎಂದು ಓದಿ ಹೇಳಿದರು. ಅಕ್ಕ ಉತ್ತರ ಕೊಡಲಿಲ್ಲ. ಮಾರನೆಯ ದಿನ ದೋಸೆಗೆ ಚಟ್ನಿಪುಡಿ ಬಂತು. ಅದರ ಮಾರನೆಯ ದಿನವೂ.

ಹೋದ ಶ್ರಾವಣದಲ್ಲಿ ನಡೆದದ್ದನ್ನು ಮಾತ್ರ ಬೀದಿಯವರು ಇನ್ನೂ ಮರೆತಿಲ್ಲ. ಬೆಳಿಗ್ಗೆ ಐದಕ್ಕೆ ಸಣ್ಣಗೆ ಸುಪ್ರಭಾತ ಬರಲೆಂದು ಭಾವ ಡಬ್ಬಿಗೆ ಹೇಳಿಟ್ಟಿದ್ದರು. ಸಣ್ಣ ಸದ್ದು, ಪೂರ್ತಿ ಪರಿಹಾರ. ರಾತ್ರಿ ಕರೆಂಟು ಹೋಗಿ ಬಂದಿದೆ. ಎಚ್ಚರವಾದ ಡಬ್ಬಿಗೆ ತಾನು ಎಲ್ಲಿದ್ದೆನೆಂದು ನೆನಪಾಗದೆ ವಾಲ್ಯೂಮನ್ನು ಸೀದಾ ನೂರಕ್ಕೆ ಇಟ್ಟುಕೊಂಡಿದೆ. ಆವತ್ತು ತಿರುಪತಿಯಲ್ಲಿ ಸ್ವಾಮಿ ಎದ್ದನೋ ಇಲ್ಲವೋ, ಜಯನಗರ ಎದ್ದಿತು. ನಾಯಿಗಳು ಎದ್ದವು. ಎದುರು ಮನೆಯ ಅಜ್ಜಿ ವೈಕುಂಠ ಏಕಾದಶಿಯೆಂದುಕೊಂಡು ತಣ್ಣೀರು ಸ್ನಾನ ಮಾಡಿಬಿಟ್ಟರು. ಭಾವ ಲುಂಗಿ ಹಿಡಿದುಕೊಂಡು ಫೋನು ಹುಡುಕಿ, ಕನ್ನಡಕ ಹುಡುಕಿ, ಗಾಬರಿಯಲ್ಲಿ ಆ್ಯಪ್‌ನಲ್ಲಿ ನೂರನ್ನು ಐವತ್ತಕ್ಕೆ ಎಳೆದರು. ಆ ಗೆರೆಯಲ್ಲಿ ನೂರರಿಂದ ಐವತ್ತಕ್ಕೆ ಬಂದರೆ ಇಳಿಯುವುದು ಬರೀ 6 ಡೆಸಿಬೆಲ್. ಕಿವಿಗೆ ಅರ್ಧ ಎನಿಸಬೇಕಾದರೆ ಸುಮಾರು 10 ಇಳಿಯಬೇಕು. ಇದನ್ನು ನನಗೆ ಹತ್ತು ಸಲ ಪಾಠ ಮಾಡಿದವರು ಅವರೇ. ಅಷ್ಟರಲ್ಲಿ ಅಕ್ಕ ಕತ್ತಲಲ್ಲೇ ನಡೆದುಬಂದು ನಾಬ್ ತಿರುಗಿಸಿದಳು. ನಿಶ್ಶಬ್ದವಾಯಿತು.

"ಒಲೆ ಉರಿ ಯಾರಾದ್ರೂ ಪೂರ್ತಿ ದೊಡ್ಡದು ಮಾಡಿಟ್ಟು, ಪಾತ್ರೆ ಎತ್ತಿ ಇಳಿಸ್ತಾ ಅಡುಗೆ ಮಾಡ್ತಾರೇನ್ರೀ? ಇದನ್ನೇ ಸಣ್ಣಗಿಟ್ರೆ ನಿಮ್ಮ ಡಬ್ಬಿ ಎಷ್ಟು ಕುಣಿದ್ರೂ ಇಷ್ಟು ಕೂಗಲ್ಲ." ಭಾವ ನನ್ನ ಮುಖ ನೋಡಿದರು. ಇಂಟರ್‌ನೆಟ್ಟಿನಲ್ಲಿ ಮೂರು ತಿಂಗಳು ಓದಿ ಅವರು ಬರೆದಿಟ್ಟ ನೋಟ್‌ಬುಕ್ಕಿನ ಕೊನೆಯ ಪುಟದಲ್ಲೂ ಇದೇ ಇತ್ತೆಂದು ನಾನು ಬಲ್ಲೆ. ಆಂಪ್ಲಿಫೈಯರನ್ನು ತಗ್ಗಿಸಿಟ್ಟು, ಡಬ್ಬಿಗೆ ಪೂರ್ತಿ ಮೇಲಿನತನಕ ಜಾಗ ಬಿಡು ಅಂತ. ಆದರೆ ಅವರು "ಅದು ಅಷ್ಟು ಸುಲಭ ಅಲ್ಲ" ಎಂದರು.

ಅಕ್ಕ ನಾಬನ್ನು ಒಂಬತ್ತು ಗಂಟೆಯಲ್ಲಿ ಬಿಟ್ಟಳು. ಅದು ಅಲ್ಲೇ ಸುಮಾರಾಗಿ ಅಲ್ಲಾಡುತ್ತ ಎರಡು ತಿಂಗಳು ಕಳೆಯಿತು. ಆಯುಧಪೂಜೆ ಬಂತು. ಭಾವನ ಸ್ಕೂಟರಿಗೆ, ಮಿಕ್ಸಿಗೆ, ಜಾಮೂನು ಡಬ್ಬಿಗೆ, ಅಳತೆಯ ಮೈಕಿಗೆ ಎಲ್ಲಕ್ಕೂ ಅಕ್ಕ ಗಂಧ ಹಚ್ಚಿ ಕುಂಕುಮ ಇಟ್ಟಳು. ಆಂಪ್ಲಿಫೈಯರಿಗೆ ಇಡುವಾಗ ಬೊಟ್ಟು ಸ್ವಲ್ಪ ದೊಡ್ಡದಾಗಿ ಅರ್ಧ ನಾಬಿನ ಅಂಚಿಗೂ ಅರ್ಧ ಮೂತಿಯ ಹಲಗೆಗೂ ಬಿತ್ತು. ಗಂಧ ಒಣಗಿ ಕಲ್ಲಾಯಿತು.

ದೀಪಾವಳಿಗೆ ಹೋದಾಗ ಭಾವ ನನ್ನನ್ನು ಅದರ ಮುಂದೆ ಕುಕ್ಕರಗಾಲಲ್ಲಿ ಕೂರಿಸಿದರು. "ನೋಡಯ್ಯಾ. ಕಾರ್ಖಾನೆಯಲ್ಲಿ ಬೋಲ್ಟು ಬಿಗಿದಾದ ಮೇಲೆ ಅದಕ್ಕೂ ಬಾಡಿಗೂ ಸೇರಿಸಿ ಒಂದು ಬಣ್ಣದ ಗೆರೆ ಎಳೀತಿದ್ವಿ. ಕೂದಲೆಳೆಯಷ್ಟು ತಿರುಗಿದ್ರೂ ಗೆರೆ ಒಡೆಯುತ್ತೆ, ಗೊತ್ತಾಗುತ್ತೆ. ಇದೇ ನಮ್ಮ ರೆಫರೆನ್ಸ್. ಎಲ್ಲ ಇದಕ್ಕೇ ಮತ್ತೆ ಅಳೆದಿದೀನಿ." ಎಷ್ಟು ದಿನ ಯೋಚಿಸಿ ಈ ಜಾಗ ಆರಿಸಿದಿರಿ ಎಂದು ಕೇಳಿದೆ. ಭಾವ ಫೋನಿನಲ್ಲಿ ಯಾವುದೋ ಗೆರೆ ತೋರಿಸತೊಡಗಿದರು.

ಅಕ್ಕ ಆಗಷ್ಟೇ ಒರೆಸುವ ಬಟ್ಟೆ ಹಿಡಿದು ಹಾಲ್‌ಗೆ ಬಂದಿದ್ದಳು. ಆಂಪ್ಲಿಫೈಯರಿನ ತಲೆ ಒರೆಸಿದಳು, ಎರಡೂ ಕೆನ್ನೆ ಒರೆಸಿದಳು, ನಾಬಿನ ಹತ್ತಿರ ಬಂದು ಕುಂಕುಮ ಕಂಡು ಕೈ ತಡೆದಳು. ಸುತ್ತಿ ಬಳಸಿಕೊಂಡು ಹೋಗಿ ಕಿಟಕಿ ಒರೆಸತೊಡಗಿದಳು.