ಡಬ್ಬಿ ಹುಡುಕುವವರ ರೀತಿ ರಿವಾಜು

ಅಮೆರಿಕದಲ್ಲಿರುವ ಮಗಳ ಮನೆಗೆ ಹೋದ ತಂದೆತಾಯಿಗಳಿಗೆ ಮೊದಲ ಒಂದಷ್ಟು ದಿನ ನೋಡಲು ಜಲಪಾತ, ಮ್ಯೂಸಿಯಂ, ದೇವಸ್ಥಾನ ಎಲ್ಲ ಇರುತ್ತವೆ. ಅವು ಮುಗಿದ ಮೇಲೆ ಉಳಿಯುವುದು ಸೂಪರ್ ಮಾರ್ಕೆಟ್ಟು ಮತ್ತು ಅದರ ಮುಂದಿನ ಪಾರ್ಕಿಂಗ್ ಲಾಟು. ಆ ಪಾರ್ಕಿಂಗ್ ಲಾಟಿನಲ್ಲೂ ನೋಡತಕ್ಕದ್ದು ಇದೆ ಎಂದು ತೋರಿಸಿಕೊಟ್ಟವರು ನಮ್ಮ ಅಳಿಯಂದಿರು. ಅವರಿರುವುದು ಸಿಯಾಟಲ್ ಮಗ್ಗುಲಿನ ಊರಿನಲ್ಲಿ. ಅಲ್ಲಿನ ದೀಪದ ಕಂಬಗಳ ಬುಡದಲ್ಲಿ ನಟ್ಟು ಬೋಲ್ಟು ಮುಚ್ಚುವುದಕ್ಕೆ ಚೌಕದ ತಗಡಿನ ಕವಚವೊಂದಿರುತ್ತದೆ. ಎಷ್ಟೋ ಕಡೆ ಅದನ್ನು ಬಿಗಿದಿರುವುದಿಲ್ಲ. ಮೇಲಕ್ಕೆ ಜಾರಿಸಿದರೆ ಊರಿಗೆಲ್ಲ ಕೇಳುವಂತೆ ಕಿರ್ರೆಂದು ಕೂಗಿಕೊಂಡು ಏಳುತ್ತದೆ. ಒಳಗೆ ಜೇಡರ ಬಲೆ, ಒಣಗಿದ ಎಲೆ, ಫಿಲಂ ರೋಲಿನ ಹಳೆಯ ಕಪ್ಪು ಡಬ್ಬಿ. ಡಬ್ಬಿಯೊಳಗೆ ಸುರುಳಿ ಸುತ್ತಿದ ಚೀಟಿ. ಚೀಟಿಯ ತುಂಬ ಹೆಸರು, ತಾರೀಖು. ಅಳಿಯಂದಿರು ತಮ್ಮ ಹೆಸರನ್ನೂ ಗೀಚಿ, ಸುತ್ತಿ, ಮುಚ್ಚಿ, ಕವಚ ಇಳಿಸಿ, ಕೈ ಒರೆಸಿಕೊಂಡು, "ಆಯ್ತು ಮಾವ, ಹಾಲು ತಗೊಂಡು ಹೊರಡೋಣ" ಎಂದರು. ಆಯಿತು ಅಂದರೆ ಏನಾಯಿತು? ಮಗನಾಗಿದ್ದರೆ ಕೇಳಿಬಿಡುತ್ತಿದ್ದೆ. ಅಳಿಯಂದಿರನ್ನು ಹಾಗೆಲ್ಲ ಕೇಳಲಾಗುವುದಿಲ್ಲ.

ಇದರ ಹೆಸರು ಜಿಯೋಕ್ಯಾಶಿಂಗ್. ಒಬ್ಬರು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಪ್ರಕಟಿಸುತ್ತಾರೆ. ಊರವರೆಲ್ಲ ಫೋನು ಹಿಡಿದು ಹುಡುಕುತ್ತಾರೆ. ಕೋಟ್ಯಂತರ ಡಾಲರಿನ ಉಪಗ್ರಹಗಳನ್ನು ಬಳಸಿ ನಾವು ಕಾಡಿನಲ್ಲಿ ಪ್ಲಾಸ್ಟಿಕ್ ಡಬ್ಬ ಹುಡುಕುತ್ತೇವೆ ಎಂದು ಈ ಆಟದವರೇ ತಮ್ಮನ್ನು ಗೇಲಿ ಮಾಡಿಕೊಳ್ಳುವುದುಂಟು. ಮಾತು ಸುಳ್ಳಲ್ಲ. ಜಿಪಿಎಸ್ ಅಮೆರಿಕದ ಸೈನ್ಯದ ಸ್ವತ್ತು. ಸಾರ್ವಜನಿಕರಿಗೆ ಸಿಗುವ ಸಂಕೇತದಲ್ಲಿ ಅವರು ಬೇಕೆಂದೇ ಸುಮಾರು ನೂರು ಮೀಟರಿನ ತಪ್ಪು ಬೆರೆಸಿ ಬಿಡುತ್ತಿದ್ದರು. 2000ದ ಮೇ ಮೊದಲ ವಾರದಲ್ಲಿ ಕ್ಲಿಂಟನ್ ಸರ್ಕಾರ ಆ ಬೆರಕೆಯನ್ನು ನಿಲ್ಲಿಸಿತು. ಮೇ 3ರಂದು ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬಾತ ಬೀವರ್‌ಕ್ರೀಕ್ ಹತ್ತಿರದ ಕಾಡಿನಂಚಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು ಅದರ ಗುರುತನ್ನು ಲೋಕಕ್ಕೆ ಸಾರಿಬಿಟ್ಟ. ಬಕೆಟ್ಟಿನಲ್ಲಿ ಪುಸ್ತಕ, ಸಾಫ್ಟ್‌ವೇರ್, ದುಡ್ಡು, ಒಂದು ಕವಣೆ, ಒಂದು ಡಬ್ಬ ಹುರುಳಿಕಾಯಿ ಬೀಜ. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬಾತ ಅದನ್ನು ಹುಡುಕಿಯೂ ಬಿಟ್ಟ.

ಈಗಿನ ನಿಯಮಗಳ ಪ್ರಕಾರ ಆ ಮೂಲಪುರುಷನ ಬಕೆಟ್ಟು ಮಂಜೂರಾಗುವ ಹಾಗಿಲ್ಲ ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ. ಅದನ್ನು ಅರ್ಧ ನೆಲದಲ್ಲಿ ಹೂತಿದ್ದ. ಜಾಗದವರ ಅನುಮತಿಯಿಲ್ಲದೆ ನೆಲ ಅಗೆಯುವುದು ಈಗ ನಿಷಿದ್ಧ. ತಿನ್ನುವ ಪದಾರ್ಥ ಇಟ್ಟಿದ್ದ. ಈಗ ಇಡಕೂಡದು, ಕರಡಿ ರಕೂನುಗಳು ಡಬ್ಬವನ್ನೇ ಸಿಗಿದು ಹಾಕುತ್ತವೆ. ಎಲ್ಲ ಮಠಗಳಲ್ಲೂ ಹೀಗೆಯೇ, ಗುರು ಮಾಡಿದ್ದನ್ನು ಶಿಷ್ಯರು ಮಾಡುವ ಹಾಗಿಲ್ಲ. ಆ ಬೀಜದ ಡಬ್ಬವನ್ನು ಮಾತ್ರ ಶಿಷ್ಯರು ಆಮೇಲೆ ಅದೇ ಜಾಗದಲ್ಲಿ ಪತ್ತೆಹಚ್ಚಿ, ಆಟದವರ ಸಭೆಗಳಿಗೆ ಕರೆದೊಯ್ದು ಉತ್ಸವಮೂರ್ತಿಯ ಹಾಗೆ ದರ್ಶನ ಮಾಡಿಸಿದ್ದಾರೆ.

ನಾನು ಕಂದಾಯ ಇಲಾಖೆಯಲ್ಲಿ ಹೊಟ್ಟೆ ಹೊರೆದವನು. ನಿಯಮ ಅಂದರೆ ಕಿವಿ ನೆಟ್ಟಗಾಗುತ್ತದೆ. ಕೂತು ವಿಚಾರಿಸಿದೆ. ಒಂದು ಡಬ್ಬಿಗೂ ಇನ್ನೊಂದಕ್ಕೂ ಕಡಮೆಯೆಂದರೆ 161 ಮೀಟರ್ ಅಂತರವಿರಬೇಕು, ಅಂದರೆ ಮೈಲಿಯ ಹತ್ತನೇ ಒಂದು ಪಾಲು. ಜಾಗದವರ ಅನುಮತಿ ಬೇಕು. ಹುಡುಕುವ ಕಷ್ಟಕ್ಕೆ ಒಂದರಿಂದ ಐದು, ತಲುಪುವ ದಾರಿಯ ಕಷ್ಟಕ್ಕೆ ಒಂದರಿಂದ ಐದು ನಕ್ಷತ್ರ. ಎರಡನೆಯದರಲ್ಲಿ ಐದು ಅಂದರೆ ದೋಣಿಯೋ ಹಗ್ಗವೋ ಬೇಕು. ಒಂದಕ್ಕೊಂದು ಅಂದರೆ ನಮ್ಮಂಥ ಮಂಡಿನೋವಿನವರಿಗೆ. ಪೆನ್ನು ನಿಮ್ಮದೇ ಇರಬೇಕು, ಏಕೆಂದರೆ ಉಗುರಿನಷ್ಟಗಲದ ಡಬ್ಬಿಗಳೂ ಇವೆ. ಬೆಂಚಿನ ಅಡಿಗೆ ಅಯಸ್ಕಾಂತದಿಂದ ಅಂಟಿಕೊಂಡಿರುತ್ತವೆ. ಅದರೊಳಗಿನ ಕಾಗದದ ಪಟ್ಟಿಯನ್ನು ಬಿಚ್ಚುವುದು ಸುಲಭ. ಮತ್ತೆ ಸುತ್ತಿ ಒಳಗೆ ತೂರಿಸುವುದು ಚಳಿಗೆ ಮರಗಟ್ಟಿದ ಬೆರಳುಗಳಿಂದ ಆಗುವ ಕೆಲಸವಲ್ಲ. ಮೊಮ್ಮಗ ಅದನ್ನು ಪೆನ್ಸಿಲಿನ ಮೊನೆಗೆ ಸುತ್ತಿ ನಾಜೂಕಾಗಿ ಇಳಿಸುತ್ತಾನೆ. ಸಹಿ ಹಾಕದಿದ್ದರೆ ಸಿಕ್ಕಿದರೂ ಸಿಕ್ಕಿದ ಲೆಕ್ಕವಲ್ಲ. ಇಲಾಖೆಯವನಿಗೆ ಇದರಲ್ಲಿ ತಕರಾರಿಲ್ಲ.

ಸಿಯಾಟಲ್ ಮಳೆಯ ಊರು. ಚೀಟಿಗಳು ನೆನೆದು ಮುದ್ದೆಯಾಗಿರುತ್ತವೆ. ಹಾಗಾದಾಗ ಇಟ್ಟವರಿಗೆ ತಿಳಿಸುವುದು ಮರ್ಯಾದೆ. ಹೋಗಿ ಹುಡುಕಿ ಸಿಗದಿದ್ದರೆ "ಸಿಗಲಿಲ್ಲ" ಎಂದು ಬರೆಯುವುದು ಅದಕ್ಕಿಂತ ದೊಡ್ಡ ಮರ್ಯಾದೆ, ಡಬ್ಬಿ ಕಳೆದಿದೆಯೋ ಏನೋ ಎಂದು ಇಟ್ಟವರಿಗೆ ಅನುಮಾನ ಹುಟ್ಟುವುದು ಅದರಿಂದಲೇ. ಇದನ್ನು ಬರೆಯಲು ಮಗಳಿಗೆ ಅವಮಾನ. ಸಿಕ್ಕಿದ್ದನ್ನು ಮಾತ್ರ ಬರೆದು ಉಳಿದದ್ದನ್ನು ನುಂಗಿಕೊಳ್ಳುತ್ತಾಳೆ. ನಾನು ಹೊಲದಲ್ಲಿ ಬಾಂದುಕಲ್ಲು ಹುಡುಕಿ ಸುಸ್ತಾಗಿ "ಕಲ್ಲು ಸಿಗಲಿಲ್ಲ" ಎಂದು ಮಹಜರು ಬರೆದವನು. ಆ ಎರಡು ಪದಗಳ ಕೆಳಗೆ ಊರಿನ ಐದು ಜನ ಸಹಿ ಹಾಕುತ್ತಿದ್ದರು, ಯಾರೂ ನಾಚಿಕೊಂಡದ್ದಿಲ್ಲ. ಕಲ್ಲು ಕಿತ್ತವನೂ ಆ ಐವರಲ್ಲಿ ಇರುತ್ತಿದ್ದ, ಅದು ಬೇರೆ ಮಾತು.

ಎತ್ತರದ ಮರಗಳ ಕೆಳಗೆ ಫೋನಿನ ಬಾಣ ತಲೆತಿರುಗಿದ ಹಾಗೆ ಆಡುತ್ತದೆ. ಕೊನೆಯ ಹತ್ತು ಹೆಜ್ಜೆಗೆ ಉಪಗ್ರಹದ ಉಪಕಾರವಿಲ್ಲ, ಕಣ್ಣೇ ಗತಿ. ಆಗ ನೋಡಬೇಕಾದದ್ದು ಕಡ್ಡಿಗಳ ಗುಡ್ಡೆಯನ್ನು. ಗಾಳಿಗೆ ಬಿದ್ದ ಕಡ್ಡಿ ಅಡ್ಡಾದಿಡ್ಡಿ ಬೀಳುತ್ತದೆ. ಮನುಷ್ಯ ಮುಚ್ಚಿದ ಕಡ್ಡಿ ಸಾಲಾಗಿ ಮಲಗಿರುತ್ತದೆ. ಡಬ್ಬಿ ತೆಗೆದು ನೋಡಿದ ಮೇಲೆ ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಇಡಬೇಕು. ಇನ್ನೂ ಒಳ್ಳೆಯ ಜಾಗ ಪಕ್ಕದಲ್ಲೇ ಕಂಡರೂ ಅಲ್ಲಿಡುವಂತಿಲ್ಲ. ಇದು ಓದಲು ಸುಲಭ, ನಮ್ಮ ಮನೆಯಾಕೆಯ ಸ್ವಭಾವಕ್ಕೆ ಮಾತ್ರ ಒಗ್ಗುವುದಿಲ್ಲ. ಅವಳು ಡಬ್ಬ ಒರೆಸಿ, ಒಳಗಿನ ಸಾಮಾನು ಜೋಡಿಸಿ, ಮೇಲಿನ ಕಡ್ಡಿಗಳನ್ನು ಒಂದೇ ಅಳತೆಗೆ ಮುರಿದು ಸೌದೆ ಒಟ್ಟಿದ ಹಾಗೆ ಒಟ್ಟಿದಳು. ಅಳಿಯಂದಿರು ಅತ್ತೆ ಕಾರು ಹತ್ತುವವರೆಗೂ ಕಾದು, ಶೂ ದಾರ ಬಿಚ್ಚಿಕೊಂಡಿತೆಂದು ಹಿಂದಕ್ಕೆ ಹೋಗಿ, ಎಲ್ಲವನ್ನೂ ಕೆದರಿ ಬಂದರು.

ಈ ಶೂ ದಾರವೇ ಆಟದ ಮುಖ್ಯ ಆಯುಧ. ಆಟ ಗೊತ್ತಿಲ್ಲದವರಿಗೆ ಇವರು ಹ್ಯಾರಿ ಪಾಟರ್ ಕಥೆಯಿಂದ ಹೆಸರು ತಂದುಕೊಂಡಿದ್ದಾರೆ, 'ಮಗಲ್' ಎಂದು. ಮಗಲುಗಳ ಕಣ್ಣಿಗೆ ಬೀಳದಂತೆ ಡಬ್ಬಿ ತೆಗೆಯಬೇಕು. ಇಲ್ಲದಿದ್ದರೆ ಅವರು ಹೊತ್ತೊಯ್ಯುತ್ತಾರೆ, ಇಲ್ಲವೇ ಹೆದರುತ್ತಾರೆ. ಎರಡನೆಯದು ತಮಾಷೆಯಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಎಂಬ ಪೇಟೆಯಲ್ಲಿ ಕೆಫೆಯೊಂದರ ಮುಂದೆ ಯಾರೋ ಸಣ್ಣ ಪೆಟ್ಟಿಗೆ ಇಡುತ್ತಿರುವುದನ್ನು ಕಂಡು ಪೊಲೀಸರಿಗೆ ಹೇಳಿ, ಬೀದಿ ಖಾಲಿ ಮಾಡಿಸಿ, ಬಾಂಬು ದಳದವರು ಅದನ್ನು ಸಿಡಿಸಿಯೇ ಬಿಟ್ಟರು. ಇದ್ದದ್ದು ಆಟದ ಡಬ್ಬಿ. ಡಬ್ಬಿಯ ಮೇಲೆ ಇದು ಆಟದ್ದು ಎಂದು ಬರೆಯಿರಿ, ಶಾಲೆಗಳ ಹತ್ತಿರ ಇಡಬೇಡಿ ಎಂಬ ಕಟ್ಟುಪಾಡುಗಳನ್ನು ಯಾರೂ ಸುಮ್ಮನೆ ಹುಟ್ಟಿಸಿದ್ದಲ್ಲ.

ಹಾಗಾಗಿ ಮಗಲುಗಳು ಬಂದಾಗ ಏನೂ ಮಾಡುತ್ತಿಲ್ಲದವರ ಹಾಗೆ ಕಾಣಬೇಕು. ಕೆಲವರು ಮರದ ಫೋಟೊ ತೆಗೆಯುತ್ತಾರೆ. ಕೆಲವರು ಕಿವಿಗೆ ಫೋನಿಟ್ಟು ಯಾರೂ ಇಲ್ಲದ ಕಡೆಗೆ "ಹೌದಾ? ಹೌದಾ?" ಎನ್ನುತ್ತಾರೆ. ಇದರಲ್ಲಿ ನನಗಿಂತ ನುರಿತವರು ಸಿಗಲಾರರೆಂದು ಅಳಿಯಂದಿರೇ ಒಪ್ಪಿದ್ದಾರೆ. ಬಿಳಿ ಕೂದಲು, ಸ್ವೆಟರು, ಮಂಕಿ ಕ್ಯಾಪು, ಬೆನ್ನ ಹಿಂದೆ ಕಟ್ಟಿದ ಕೈ. ಅಮೆರಿಕದ ಯಾವ ಉದ್ಯಾನದಲ್ಲಾದರೂ ನಮ್ಮ ಕಡೆಯ ವೃದ್ಧನೊಬ್ಬ ಸುಮ್ಮನೆ ನಿಂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಹೆಚ್ಚೆಂದರೆ ಮಗಳ ಬಾಣಂತನಕ್ಕೆ ಬಂದಿರಬೇಕು ಎಂದುಕೊಳ್ಳುತ್ತಾರೆ. ನಾನು ಕಾವಲು ನಿಲ್ಲುತ್ತೇನೆ, ಮೊಮ್ಮಗ ಪೊದೆಗೆ ನುಗ್ಗುತ್ತಾನೆ. ನಾಯಿ ಹಿಡಿದ ಹೆಂಗಸು ಬಂದರೆ ನಾನು ಕೆಮ್ಮಬೇಕೆಂಬುದು ಒಪ್ಪಂದ. ನಿಜವಾದ ಕೆಮ್ಮು ಬಂದಾಗಲೆಲ್ಲ ಪಾಪ ಹುಡುಗ ಪೊದೆಯೊಳಗೆ ಉಸಿರು ಬಿಗಿಹಿಡಿದು ಕೂರುತ್ತಾನೆ.

ಸುಳಿವಿನಲ್ಲೂ ಒಂದು ಸಂಕೋಚವಿದೆ. ಹುಡುಕಿ ಬಂದವರು ಎಲ್ಲಿತ್ತೆಂದು ಬಾಯಿಬಿಡಬಾರದು. ಇಟ್ಟವರು ಕೊಡುವ ಸುಳಿವು ಕೂಡ ಬಯಲಿನಲ್ಲಿರುವುದಿಲ್ಲ. ಇಂಗ್ಲಿಷಿನ 26 ಅಕ್ಷರಗಳನ್ನು ಹದಿಮೂರು ಹದಿಮೂರಾಗಿ ಎರಡು ಸಾಲು ಮಾಡಿ, ಮೇಲಿನದಕ್ಕೆ ಕೆಳಗಿನದು, ಕೆಳಗಿನದಕ್ಕೆ ಮೇಲಿನದು ಎಂದು ಬದಲಿಸಿ ಬರೆದಿರುತ್ತಾರೆ. ಕನ್ನಡದಲ್ಲಿ ಈ ಉಪಾಯ ನಡೆಯದು. ನಲವತ್ತೊಂಬತ್ತನ್ನು ಎರಡು ಸಾಲು ಮಾಡಿದರೆ ಒಂದು ಅಕ್ಷರ ಜೊತೆಯಿಲ್ಲದೆ ಉಳಿಯುತ್ತದೆ, ಕಾಗುಣಿತ ಒತ್ತಕ್ಷರಗಳ ರಗಳೆ ಬೇರೆ.

ದೊಡ್ಡ ಡಬ್ಬಗಳಲ್ಲಿ ಚೀಟಿಯ ಜೊತೆ ಸಾಮಾನೂ ಇರುತ್ತದೆ. ಒಂದು ತೆಗೆದುಕೊಂಡರೆ ಅಷ್ಟೇ ಬೆಲೆಯದ್ದನ್ನೋ ಹೆಚ್ಚಿನದ್ದನ್ನೋ ಇಡಬೇಕು. ಧರ್ಮ ಹಾಗೆ, ನಡತೆ ಹೀಗೆ: ಮೊದಲ ವಾರ ಚೆಂದದ ಆಟಿಕೆಗಳಿದ್ದ ಡಬ್ಬದಲ್ಲಿ ವರ್ಷ ಕಳೆಯುವುದರೊಳಗೆ ಕಾಲು ಮುರಿದ ಪ್ಲಾಸ್ಟಿಕ್ ಕಪ್ಪೆ, ಗಾಲ್ಫ್ ಚೆಂಡು, ಯಾವ ಬೀಗದ್ದೋ ಕೀಲಿಕೈ ಉಳಿದಿರುತ್ತವೆ. ಬ್ರಿಟಿಷರು 1878ರಲ್ಲಿ ಮಾಡಿದ ನಿಧಿ ಕಾಯ್ದೆಯಂತೆ ನಮ್ಮಲ್ಲಿ ನೆಲದೊಳಗೆ ಹತ್ತು ರೂಪಾಯಿಗೆ ಮೀರಿದ ಸ್ವತ್ತು ಸಿಕ್ಕಿದರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕಿತ್ತು. ಈ ಡಬ್ಬಗಳಿಂದ ಯಾವ ಕಲೆಕ್ಟರಿಗೂ ತೊಂದರೆಯಾಗದು. ನಮ್ಮ ಸೀಮೆಯಲ್ಲಿ ನಿಧಿಯ ಆಸೆಗೆ ಅಮಾವಾಸ್ಯೆ ರಾತ್ರಿ ಹಳೆಯ ಗುಡಿಗಳ ಗರ್ಭಗೃಹ ಅಗೆದವರನ್ನು, ವೀರಗಲ್ಲು ಕೆಡವಿದವರನ್ನು ಕಂಡಿದ್ದೇನೆ. ಸಿಕ್ಕಿದ್ದನ್ನು ವಾಪಸು ಇಡುವ ನಿಧಿಶೋಧಕರನ್ನು ಕಂಡದ್ದು ಸಿಯಾಟಲಿನಲ್ಲೇ.

ಡಬ್ಬಗಳೊಳಗೆ ಊರೂರು ತಿರುಗುವ ಜಾತಿಯ ಸಾಮಾನೂ ಇರುತ್ತದೆ. ಸೈನಿಕರು ಕೊರಳಿಗೆ ಹಾಕಿಕೊಳ್ಳುವಂಥ ಲೋಹದ ಬಿಲ್ಲೆ, ಅದರ ಮೇಲೊಂದು ಸಂಖ್ಯೆ, ಜೊತೆಗೆ ಗೊಂಬೆಯೋ ಮತ್ತೊಂದೋ. ಇದನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ, ಇನ್ನೊಂದು ಡಬ್ಬಕ್ಕೆ ದಾಟಿಸಬೇಕು. ಮನೆಯಾಕೆಗೆ ಎಲ್ಲಕ್ಕಿಂತ ಬೇಗ ಅರ್ಥವಾದದ್ದು ಇದೇ. ಅರಿಶಿನ ಕುಂಕುಮಕ್ಕೆ ಕೊಟ್ಟ ರವಿಕೆ ಕಣ ಹೀಗೆಯೇ ಅಲ್ಲವೇ ಮನೆಯಿಂದ ಮನೆಗೆ ಹೋಗುವುದು? ಯಾರೂ ಹೊಲಿಸುವುದಿಲ್ಲ, ಯಾರೂ ಬಿಸಾಡುವುದಿಲ್ಲ, ಎರಡು ಗೌರಿ ಹಬ್ಬ ಕಳೆದು ಕೊಟ್ಟವರ ಮನೆಗೇ ಬರುತ್ತದೆ. ಆದರೆ ರವಿಕೆ ಕಣಕ್ಕೆ ಸಂಖ್ಯೆ ಹಾಕುವ ಧೈರ್ಯ ನಮ್ಮವರಿಗಿಲ್ಲ. ಹಾಕಿದರೆ ಎಷ್ಟು ಸಂಬಂಧಗಳು ಉಳಿದಾವು! ಇವರ ಬಿಲ್ಲೆಯೊಂದು 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬಾತನ ಜೊತೆ ಅಂತರಿಕ್ಷ ನಿಲ್ದಾಣಕ್ಕೇ ಹೋಯಿತು. ಮಂಗಳದಲ್ಲಿ ಓಡಾಡುತ್ತಿರುವ ಪರ್ಸೆವೆರೆನ್ಸ್ ಬಂಡಿಯ ಮೇಲೂ ಇಂಥದೊಂದು ಸಂಖ್ಯೆಯಿದೆ.

ಪ್ರವಾಸಕ್ಕೆ ಬಂದವರು ಹುಡುಕಬಹುದು, ಡಬ್ಬಿ ಇಡುವಂತಿಲ್ಲ. ಇಟ್ಟವರೇ ಆಗಾಗ ಹೋಗಿ ನೋಡಿಕೊಳ್ಳಬೇಕಲ್ಲ. ನನ್ನ ವೀಸಾದಲ್ಲೂ ಹೆಚ್ಚುಕಡಮೆ ಇದೇ ಷರತ್ತು. ಆದರೆ ಬಿಲ್ಲೆ ಸಾಗಿಸಲು ಅಡ್ಡಿಯಿಲ್ಲ. ಹೊರಡುವ ಮುನ್ನ ಅಳಿಯಂದಿರು "ಇದಕ್ಕೆ ಏಷ್ಯಾ ನೋಡೋ ಆಸೆಯಂತೆ ಮಾವ" ಎಂದು ರಬ್ಬರಿನ ಕರಡಿಮರಿ ಕಟ್ಟಿದ ಬಿಲ್ಲೆಯೊಂದನ್ನು ಕೊಟ್ಟರು. ಬಾದಾಮಿ ಚೀಲಗಳ ನಡುವೆ ಅದು ಬೆಂಗಳೂರಿಗೆ ಬಂತು. ಬಹಳ ದಿನ ಇಟ್ಟುಕೊಳ್ಳಬಾರದೆಂಬ ರಿವಾಜಿದೆಯಲ್ಲ, ಫೋನಿನಲ್ಲಿ ನೋಡಿ ಹತ್ತಿರದ ಉದ್ಯಾನಕ್ಕೆ ಹೋದೆ.

ಸುಮ್ಮನೆ ನಿಂತಿರುವ ನನ್ನ ವಿದ್ಯೆ ಅಲ್ಲಿ ಮಣ್ಣುಪಾಲಾಯಿತು. ನಮ್ಮಲ್ಲಿ ಮನುಷ್ಯ ಸುಮ್ಮನೆ ನಿಂತರೇ ಅನುಮಾನ, ಬಗ್ಗಿದರಂತೂ ಉಪಕಾರ ಶುರು. ಮರದ ಬುಡದಲ್ಲಿ ಬಗ್ಗಿದ್ದೇ ತಡ, ವಾಕಿಂಗಿನವರು ಇಬ್ಬರು ನಿಂತರು. "ಏನ್ ಸಾರ್ ಬಿತ್ತು? ಉಂಗುರಾನಾ?" ಇನ್ನೊಬ್ಬರು ಆಗಲೇ ಕನ್ನಡಕ ಏರಿಸಿ ಹುಲ್ಲು ಸರಿಸುತ್ತಿದ್ದರು. ಶೂ ದಾರ ಕಟ್ಟೋಣವೆಂದರೆ ಕಾಲಲ್ಲಿ ಚಪ್ಪಲಿ. ಮಗಲುಗಳ ಸಂಖ್ಯೆ ಐದಾಗುವ ಹೊತ್ತಿಗೆ ಕಾವಲುಗಾರನೂ ಬಂದ. ಕೈಯಲ್ಲಿದ್ದ ಕರಡಿಮರಿಯನ್ನು ನೋಡಿದ, ನನ್ನನ್ನು ನೋಡಿದ.

"ಆ ಡಬ್ಬಿನಾ ಸಾರ್? ಇಲ್ಲಿಲ್ಲ ಬನ್ನಿ. ಮಳೇಲಿ ನೆನೀತಿತ್ತು ಪಾಪ, ನಾನೇ ತಗೊಂಡೋಗಿ ಪಂಪ್‌ಹೌಸ್‌ನಲ್ಲಿ ಇಟ್ಟಿದೀನಿ. ಬಂದೋರ್ಗೆಲ್ಲ ಕೊಡ್ತೀನಿ, ಬರ್ಕೊಂಡು ವಾಪಸ್ ಕೊಡ್ತಾರೆ. ಪೆನ್ನು ತಂದಿದೀರಾ? ಮೊನ್ನೆ ಬಂದೋರು ನನ್ ಪೆನ್ನೂ ಹಾಕ್ಕೊಂಡೋದ್ರು."