ಹಿತ್ತಿಲಿಗೆ ಬೆಳಕು, ಕಿಸೆಗೆ ಕತ್ತರಿ ಇಲ್ಲ

ಹಿತ್ತಿಲಿಗೆ ದೀಪ ಬೇಕೆಂದು ಅಂಗಡಿಗೆ ಹೋದರೆ ಬೆಲೆ ಕೇಳಿದ ಕೂಡಲೇ ಕಣ್ಣಿಗೆ ಕತ್ತಲೆ ಬರುತ್ತದೆ. ಕತ್ತಲೆ ಮನೆಯಲ್ಲಿ ಬಿಟ್ಟಿಯಾಗಿಯೇ ಇರುವಾಗ ಅದಕ್ಕಾಗಿ ಪೇಟೆಗೇಕೆ ಹೋಗಬೇಕು? ಬುದ್ಧಿವಂತರು ಮೊದಲು ಅಟ್ಟ ಹತ್ತುತ್ತಾರೆ. ಖಾಲಿ ಉಪ್ಪಿನಕಾಯಿ ಬಾಟಲಿ, ತೆಂಗಿನ ಕರಟ, ಕಳೆದ ದೀಪಾವಳಿಯ ಎಲ್‌ಇಡಿ ಸರ, ಎಲ್ಲ ಅಲ್ಲೇ ಬಿದ್ದಿರುತ್ತವೆ.

ಅಗಲ ಬಾಯಿಯ ಬಾಟಲಿಗೆ ಅರ್ಧ ನೀರು, ಮೇಲೆ ಒಂದು ಬೆರಳು ಎಣ್ಣೆ, ಅದರ ಮೇಲೆ ತಗಡು ಹೊದಿಸಿದ ಬೆಂಡಿನ ಬಿಲ್ಲೆಗೆ ಚುಚ್ಚಿದ ಬತ್ತಿ. ಎಣ್ಣೆ ನೀರಿಗಿಂತ ಹಗುರ, ತೇಲುತ್ತದೆ. ಅದು ತೀರಿದಾಗ ಬತ್ತಿಗೆ ನೀರು ತಾಗಿ ದೀಪ ತಾನೇ ಆರುತ್ತದೆ. "ಲೈಟ್ ಆರಿಸಿದಿರಾ?" ಎಂದು ಒಳಗಿನಿಂದ ಕೂಗುವವರಿಗೆ ಕೆಲಸವೇ ಇಲ್ಲ.

ಕರಟಕ್ಕೆ ತೂತು ಕೊರೆದು ಎಲ್‌ಇಡಿ ಸರ ತೂರಿಸಿದರೆ ನುಗ್ಗೆಮರಕ್ಕೂ ಮದುವೆಮನೆಯ ಕಳೆ. ಬಣ್ಣ ಮಾತ್ರ ಹಳದಿಯಿರಲಿ. ಬಿಳಿ ಬೆಳಕಾದರೆ ಮೊದಲ ಮಳೆಗೆ ಗೆದ್ದಲಿನ ರೆಕ್ಕೆಹುಳುಗಳು ಬಂಧುಬಳಗ ಸಮೇತ ಊಟಕ್ಕೆ ಬರುತ್ತವೆ. ಹಳದಿಗೆ ನೆಂಟರು ಕಮ್ಮಿ. ಕರೆಂಟಿನ ಚಿಂತೆ ಬೇಡ. 9 ವ್ಯಾಟಿನ ಎಲ್‌ಇಡಿ ಬಲ್ಬು 100 ಗಂಟೆ ಉರಿದರೂ ಒಂದು ಯೂನಿಟ್ ಮುಟ್ಟುವುದಿಲ್ಲ. ಪ್ಲಗ್ಗಿಗೆ ಮಳೆನೀರು ಬೀಳದಂತೆ ನೋಡಿಕೊಂಡರಾಯಿತು.

ನಿಜವಾದ ಫಜೀತಿ ಶುರುವಾಗುವುದು ದೀಪ ಹೊತ್ತಿದ ಮೇಲೆ. ಒಡೆದ ಬಕೆಟ್ಟು, ಮೂರು ಕಾಲಿನ ಕುರ್ಚಿ, ತುಕ್ಕು ಹಿಡಿದ ಸೈಕಲ್ಲು, ಕತ್ತಲೆ ಇಷ್ಟು ವರ್ಷ ಮಾನ ಕಾಪಾಡಿದ್ದೆಲ್ಲ ಎದ್ದು ಕಾಣುತ್ತದೆ. ಗುಜರಿಯವನನ್ನು ಕರೆಯಿರಿ, ದೀಪದ ಖರ್ಚು ಬಡ್ಡಿ ಸಮೇತ ಹುಟ್ಟುತ್ತದೆ. ಬಾಟಲಿಗಳನ್ನು ಮಾತ್ರ ಕೊಡಬೇಡಿ. ಪಕ್ಕದ ಮನೆಯವರು ಆಗಲೇ ಬೇಲಿಯಾಚೆಯಿಂದ ಇಣುಕುತ್ತಿದ್ದಾರೆ!