ಮುಂದಿನ ಮಾರಿಗೆ ಮಾಲೀಕರ ಕೈಪಿಡಿ

ಮೊದಲು ಗಾಬರಿ ಬಿಡಿ. ಸಾಂಕ್ರಾಮಿಕ ಬಂದರೆ ಹಿಂದೆಯೇ ಸರ್ಕಾರದ ಆದೇಶಗಳೂ ಬರುತ್ತವೆ. ಆದೇಶ ಬಂದ ದಿನವೇ ಪಾಲಿಸುವವರು ವ್ಯಾಪಾರಕ್ಕೆ ಹೊಸಬರು. ನೀವು ಕ್ಯಾಲೆಂಡರ್ ನೋಡಿ.

2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ವಿಪತ್ತು ನಿರ್ವಹಣಾ ಕಾಯ್ದೆಯಡಿ ಅಪ್ಪಣೆ ಮಾಡಿತು: ಲಾಕ್‌ಡೌನ್‌ನಲ್ಲಿ ಬಾಗಿಲು ಮುಚ್ಚಿದ್ದರೂ ಕಾರ್ಮಿಕರಿಗೆ ಸಂಬಳ ಕೊಡಬೇಕು, ಗೊತ್ತಾದ ದಿನಕ್ಕೇ ಕೊಡಬೇಕು, ಒಂದು ರೂಪಾಯಿಯನ್ನೂ ಹಿಡಿಯಬಾರದು. ಕೆಲವು ಸಾಧು ಮಾಲೀಕರು ಕೊಟ್ಟೇಬಿಟ್ಟರು. ಮೇ 18ಕ್ಕೆ ಆ ಆದೇಶವೇ ಇರಲಿಲ್ಲ. ಜೂನ್ 12ರಂದು ಸುಪ್ರೀಂ ಕೋರ್ಟು, ಕೊಡದವರ ಮೇಲೆ ಬಲವಂತದ ಕ್ರಮ ಬೇಡ, ಆ 50 ದಿನಗಳ ಸಂಬಳದ ವಿಚಾರವನ್ನು ಎರಡೂ ಕಡೆಯವರು ಕೂತು ಮಾತಾಡಿಕೊಳ್ಳಲಿ ಎಂದಿತು. ಧಾರಾಳವಾಗಿ ಮಾತಾಡಿ. ದಿನ ಗೊತ್ತುಮಾಡುವ ಮುಂಚೆ ಕಾರ್ಮಿಕರು ಎಲ್ಲಿದ್ದಾರೆಂದು ವಿಚಾರಿಸಿಕೊಳ್ಳಿ. ಒಡಿಶಾಕ್ಕೋ ಬಿಹಾರಕ್ಕೋ ತಲುಪಿದ್ದರೆ, ನಾಳೆ ಬೆಳಿಗ್ಗೆ ಹತ್ತಕ್ಕೇ ಬರಹೇಳಿ.

ಊರಿಗೆ ಹೊರಟವರನ್ನು ತಡೆಯಬೇಕೆನಿಸಿದರೆ ಸೀದಾ ಮೇಲಿನವರನ್ನು ನೋಡಿ. 2020ರ ಮೇ ತಿಂಗಳಲ್ಲಿ ಬೆಂಗಳೂರಿನ ಬಿಲ್ಡರ್‌ಗಳು ಮುಖ್ಯಮಂತ್ರಿಗಳನ್ನು ಕಂಡು ಬಂದರು, ವಲಸೆ ಕಾರ್ಮಿಕರ ರೈಲುಗಳು ನಿಂತವು. ಊರೆಲ್ಲ ಕೂಗಾಡಿದ ಮೇಲೆ ಮತ್ತೆ ಬಿಟ್ಟರು, ಅದು ಬೇರೆ ಮಾತು.

ಈಗ ಮುಖ್ಯ ಪಾಠ. ‘ಲೇ-ಆಫ್’ ಎಂಬ ಮಾತನ್ನು ಬಾಯಿತಪ್ಪಿಯೂ ಆಡಬೇಡಿ. 2025ರವರೆಗಿದ್ದ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಲೇ-ಆಫ್ ಎಂದರೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕಿತ್ತು. ಕೆಲಸದಿಂದ ತೆಗೆದರೆ ನೋಟಿಸು, ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ, ಕೊನೆಗೆ ಬಂದವರು ಮೊದಲು ಹೋಗಬೇಕೆಂಬ ಸರತಿ. ಕಾರ್ಖಾನೆಯಲ್ಲಿ ನೂರು ಜನರಿದ್ದರೆ ಸರ್ಕಾರದ ಅನುಮತಿ ಬೇರೆ ಬೇಕಿತ್ತು. ಇಷ್ಟೆಲ್ಲ ರಗಳೆ ಯಾಕೆ? ರಾಜೀನಾಮೆ ಬರೆಸಿಕೊಳ್ಳಿ. ರಾಜೀನಾಮೆಗೆ ಯಾರ ಅನುಮತಿಯೂ ಬೇಡ, ಪರಿಹಾರವೂ ಇಲ್ಲ.

ಬರೆಸಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಬಸ್ಸುಗಳಿಲ್ಲದ ವಾರದಲ್ಲಿ ಕಾರ್ಖಾನೆ ತೆರೆಯಿರಿ. ಕಂಪನಿ ಗಾಡಿಯನ್ನು ರಿಪೇರಿಗೆ ಬಿಡಿ. ಮೂವತ್ತು ಕಿಲೋಮೀಟರ್ ನಡೆದು ಬರಲಾಗದವರಿಗೆ ಗೈರುಹಾಜರಿ ಹಾಕಿ. ಆಮೇಲೆ ಎಚ್‌ಆರ್‌ನವರಿಂದ ಫೋನು ಮಾಡಿಸಿ: ‘ಪಿಎಫ್ ದುಡ್ಡು ಬೇಗ ಬಿಡಿಸಿಕೊಡ್ತೀವಿ, ಒಂದು ಲೆಟರ್ ಕೊಟ್ಟುಬಿಡಮ್ಮ.’ ಕೆಲಸ ಬಿಡದೆಯೇ ಪಿಎಫ್‌ನಿಂದ ಮೂರು ತಿಂಗಳ ವೇತನ ಅಥವಾ ಖಾತೆಯ ಶೇ 75, ಯಾವುದು ಕಡಿಮೆಯೋ ಅಷ್ಟನ್ನು ಕೋವಿಡ್ ಮುಂಗಡವಾಗಿ ತೆಗೆಯಬಹುದೆಂದು 2020ರ ಮಾರ್ಚ್‌ನಲ್ಲೇ ನಿಯಮವಾಗಿತ್ತು. ಅಂಥ ನಿಯಮ ಮುಂದೆಯೂ ಬರಬಹುದು. ನೋಟಿಸ್ ಬೋರ್ಡಿಗೆ ಹಚ್ಚಬೇಡಿ, ಅಲ್ಲಿ ‘ಕೈ ತೊಳೆಯಿರಿ’ ಪೋಸ್ಟರ್ ಇರಲಿ.

ಪಟ್ಟಿಯ ಮೇಲ್ಗಡೆ ಐದು ವರ್ಷ ತುಂಬಲು ತುಸುವೇ ಬಾಕಿ ಇರುವವರನ್ನು ಹಾಕಿ, ಗ್ರಾಚ್ಯುಯಿಟಿ ಉಳಿಯುತ್ತದೆ. ಪತ್ರದ ಒಕ್ಕಣೆ ನೀವೇ ಹೇಳಿ ಬರೆಸಿ. ಐನೂರು ಹೆಂಗಸರಿಗೆ ಒಂದೇ ದಿನ ‘ಸ್ವಂತ ಕಾರಣ’ ಬಂದರೆ ಲೇಬರ್ ಇನ್‌ಸ್ಪೆಕ್ಟರು ಹುಬ್ಬೇರಿಸಬಹುದು. ಆದ್ದರಿಂದ ಹಂಚಿ: ಕೆಲವರಿಗೆ ಮಗುವಿನ ಆರೈಕೆ, ಕೆಲವರಿಗೆ ಅತ್ತೆಯ ಮಂಡಿನೋವು. ‘ನಾನು ಕೆಲಸ ಬಿಡಲ್ಲ ಸಾರ್’ ಎಂದು ಅತ್ತವರಿಗೆ ‘ಬಿಡು ಅಂತ ಯಾರಮ್ಮ ಹೇಳಿದ್ದು, ಸೈನ್ ಮಾಡು ಅಷ್ಟೇ’ ಎನ್ನಿ.

ಸಹಿ ಮುಗಿಯುವ ತನಕ ಯಂತ್ರಗಳಿಗೆ ಕೈ ಹಚ್ಚಬೇಡಿ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಒಂದರಲ್ಲಿ ಈ ಎಚ್ಚರ ತಪ್ಪಿತು. ಯಂತ್ರ ಹೊರಗೆ ಸಾಗುವುದು ಕಂಡ ಹೆಣ್ಣುಮಕ್ಕಳು ಸುಮ್ಮನಿರಲಿಲ್ಲ. ಸಾವಿರಕ್ಕೂ ಹೆಚ್ಚು ಜನಕ್ಕೆ ಲೇ-ಆಫ್ ಎಂದ ಮೇಲೆ ವಾರಗಟ್ಟಲೆ ಗೇಟಿನ ಮುಂದೆಯೇ ಕೂತರು, ಪತ್ರಿಕೆಗಳಲ್ಲೂ ಬಂತು.

ಉಳಿದವರನ್ನು ಹೆಚ್ಚು ಹೊತ್ತು ದುಡಿಸುವ ವಿಚಾರಕ್ಕೆ ಬರೋಣ. ಇಲ್ಲಿ ಚುರುಕಾಗಿರಿ. ಮೇ 22ರಂದು ಕರ್ನಾಟಕ ಸರ್ಕಾರ ಕಾರ್ಖಾನೆಗಳಿಗೆ ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಅರವತ್ತು ಗಂಟೆ ಎಂದು ಅಧಿಸೂಚಿಸಿತು. ಆಗಸ್ಟ್‌ವರೆಗೂ ನಡೆಯಬೇಕಿತ್ತು. ಹೈಕೋರ್ಟ್ ಪ್ರಶ್ನಿಸಿದ್ದೇ ತಡ, ಜೂನ್‌ನಲ್ಲೇ ವಾಪಸಾಯಿತು. ಗುಜರಾತಿನವರು ಇನ್ನೂ ಧೈರ್ಯವಂತರು: ದಿನಕ್ಕೆ ಹನ್ನೆರಡು ಗಂಟೆ, ಓಟಿಗೆ ದುಪ್ಪಟ್ಟೂ ಇಲ್ಲ. ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು, ಸಾಂಕ್ರಾಮಿಕವೇನು ದೇಶದ ಭದ್ರತೆಗೆ ಕುತ್ತು ತರುವ ಆಂತರಿಕ ಗಲಭೆಯಲ್ಲ ಎಂದು ಅದನ್ನು ರದ್ದುಮಾಡಿ, ಓಟಿ ಹಣ ಕೊಡಿ ಎಂದಿತು. ಅಷ್ಟು ಹೊತ್ತಿಗೆ ಐದು ತಿಂಗಳ ಮಾಲು ಹಡಗು ಹತ್ತಿತ್ತು.

ತುಟ್ಟಿಭತ್ಯೆಯಂಥ ಚಿಲ್ಲರೆಯನ್ನೂ ಕಡೆಗಣಿಸಬೇಡಿ. ಆ ವರ್ಷ ಏರಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ. ರಾಜ್ಯ ಸರ್ಕಾರ ಜುಲೈನಲ್ಲಿ ಅದನ್ನು ಮುಂದಿನ ಮಾರ್ಚ್‌ವರೆಗೆ ಮುಂದೂಡಿತು, ಹೈಕೋರ್ಟ್ ಆ ಮುಂದೂಡಿಕೆಗೇ ತಡೆ ಕೊಟ್ಟಿತು. ನೀವು ನ್ಯಾಯಾಲಯದ ಮೇಲೆ ಅಪಾರ ಗೌರವವಿದೆಯೆಂದು ಹೇಳಿ, ದುಡ್ಡು ಕೊಡಬೇಡಿ. ಹಲವು ಗಾರ್ಮೆಂಟ್ಸ್‌ಗಳು ಹೀಗೇ ಮಾಡಿದವು. ಸಾವಿರ ಟೇಲರ್‌ಗಳಿದ್ದರೆ ಆ ಚಿಲ್ಲರೆ ತಿಂಗಳಿಗೆ ನಾಲ್ಕು ಲಕ್ಷ ದಾಟುತ್ತದೆ.

ಸುರಕ್ಷತೆಗೆ ಒಂದು ಸ್ಯಾನಿಟೈಸರ್ ಬಾಟಲಿ, ಜ್ವರ ನೋಡುವ ಒಂದು ಗನ್ನು, ಫೋಟೊ ತೆಗೆಯುವ ಒಬ್ಬ ಹುಡುಗ ಸಾಕು.

ಹೊಸಬರನ್ನು ಗುತ್ತಿಗೆದಾರನ ಮೂಲಕವೇ ತೆಗೆದುಕೊಳ್ಳಿ. ಸಂಬಳ ಕಡಿಮೆ ಬಂತೆಂದರೆ ‘ಗುತ್ತಿಗೆದಾರನನ್ನು ಕೇಳಿ’ ಎನ್ನಿ, ಅವನು ‘ಕಂಪನಿಯನ್ನು ಕೇಳಿ’ ಎನ್ನಲಿ. 2020ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಹನ್ನೆರಡು ಗಂಟೆಯ ಪಾಳಿ, ಸರಿಯಾಗಿ ಬಾರದ ಸಂಬಳ ಎಲ್ಲ ಸೇರಿ ಒಂದು ಬೆಳಿಗ್ಗೆ ಕಿಟಕಿಗಳು ಪುಡಿಯಾದವು. ಪಾಠ ಕಲಿಯಿರಿ: ಗಾಜಿಗೆ ವಿಮೆ ಮಾಡಿಸಿ.

ಕೊನೆಯದಾಗಿ ನಿಮ್ಮಲ್ಲಿರುವ ತಲೆ ಎಣಿಸಿ. ಊರಿಗೆ ನಡೆದವರು ಇನ್ನೂ ಮರಳಿ ಬರುತ್ತಿದ್ದ 2020ರ ಸೆಪ್ಟೆಂಬರ್‌ನಲ್ಲೇ ಸಂಸತ್ತು ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ಅಂಗೀಕರಿಸಿತು. ಅನುಮತಿ ಕೇಳಬೇಕಾದ ಆ ನೂರು ಅದರಲ್ಲಿ ಮುನ್ನೂರಾಗಿದೆ. 299ರ ಮೇಲೆ ಒಬ್ಬರಿದ್ದರೂ ಇವತ್ತೇ ಭಾವಮೈದುನನ ಹೆಸರಿನಲ್ಲಿ ಇನ್ನೊಂದು ಕಂಪನಿ ನೋಂದಾಯಿಸಿ.